ಎತ್ತಿದ ಅಂಗೈಗಳ ಎಣಿಕೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಬೇರೆ ಸಲವಾಗಿದ್ದರೆ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಒಂದು ವಾರ ಆರಾಮಾಗಿ ಚಹಾ ಕುಡಿಯುತ್ತಿದ್ದೆ. ಈ ಸಲ ಆ ಸುಖವೂ ಇಲ್ಲ. ನಮ್ಮ ರಾಜಧಾನಿ ಬಿಶ್ಕೆಕ್‌ನಲ್ಲಿ ಪ್ರಜಾಪ್ರಭುತ್ವವನ್ನು ಕಾಪಾಡುವ ಸಂಸ್ಥೆಯೊಂದಿದೆ. ಹೋಟೆಲಿನ ಎರಡನೇ ಮಹಡಿಯಲ್ಲಿ ಸೆಮಿನಾರ್ ಮಾಡಿ, ನಡುವೆ ಎರಡು ಸಲ ಕಾಫಿ ಬಿಸ್ಕತ್ತು ಕೊಟ್ಟು ಅದು ಕಾಪಾಡುತ್ತದೆ. ಅಲ್ಲಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಜನರನ್ನು ಮರುಳು ಮಾಡುವ ನಾಯಕರಿಂದ ಪ್ರಜಾಪ್ರಭುತ್ವವನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದರ ಮೇಲೆ ಒಂದು ಕಥೆ ಬೇಕಂತೆ. ನೀವು ಹಳ್ಳಿ ಕಡೆಯವರಲ್ಲವೇ, ನಿಮಗೆ ಜನ ಗೊತ್ತಿರುತ್ತಾರೆ, ಎಂದರು.

ಷರತ್ತುಗಳು ಹೆಚ್ಚಿರಲಿಲ್ಲ. ಪಕ್ಷದ ಹೆಸರು ಬರಬಾರದು, ಮುಖ್ಯ ಪಾತ್ರ ಮಹಿಳೆಯಾಗಿರಬೇಕು, ಕೊನೆಯಲ್ಲಿ ಆಶಾವಾದ ಇರಬೇಕು. ಎಷ್ಟು ಆಶಾವಾದ ಎಂದು ಕೇಳಿದೆ. ಓದಿದವರಿಗೆ ಎದ್ದು ಏನಾದರೂ ಮಾಡಬೇಕು ಅನ್ನಿಸಬೇಕು, ಆದರೆ ಬೀದಿಗಿಳಿಯಬೇಕು ಅನ್ನಿಸಬಾರದು, ಎಂದರು.

ಮೊದಲ ಕರಡು ಹೀಗಿತ್ತು: ‘ಚೌಕದಲ್ಲಿ ಹಿಮ ಬೀಳುತ್ತಿತ್ತು. ಸಾವಿರಾರು ಜನ ಸರ್ಕಾರಿ ಕಟ್ಟಡದ ಬೇಲಿಯ ಕಡೆಗೆ...’ ಇಷ್ಟು ಬರೆದು ಅಳಿಸಿದೆ. ನಮ್ಮ ದೇಶದಲ್ಲಿ ಜನ ಬೇಲಿ ಹಾರುವುದು, ಅಧ್ಯಕ್ಷರು ಓಡಿಹೋಗುವುದು ಇವೆಲ್ಲ ಒಂದಕ್ಕಿಂತ ಹೆಚ್ಚು ಸಲ ಆಗಿವೆ. ಪ್ರತಿ ಸಲವೂ ಓಡಿದವನ ಕುರ್ಚಿಯ ಬಿಸಿ ಆರುವ ಮೊದಲೇ ಇನ್ನೊಬ್ಬ ಬಂದು ಕೂತಿದ್ದಾನೆ. (ಹಿಮವನ್ನು ಇಟ್ಟುಕೊಳ್ಳಬಹುದಿತ್ತು. ಹಿಮದ ವಾಕ್ಯ ಚೆನ್ನಾಗಿ ಬಂದಿತ್ತು.)

೨

ಹಾಗಾದರೆ ಊರಿನಿಂದಲೇ ಶುರು ಮಾಡೋಣ. ಊರಿನ ಹೆಸರು ಕೋಕ್-ಬೆಲೆಸ್. ನಾರಿನ್ ಪಟ್ಟಣದ ಕಡೆಗಿದೆ. ನಕ್ಷೆಯಲ್ಲಿ ಹುಡುಕಬೇಡಿ, ನಾನೇ ಕಟ್ಟಿದ ಊರು. ಊರಿಗೊಬ್ಬ ಮುಖ್ಯಸ್ಥ, ಅವನ ಮೇಲೆ ಕಣ್ಣಿಡಲು ಊರವರೇ ಗುಟ್ಟಾಗಿ ಮತ ಹಾಕಿ ಆರಿಸಿದ ಒಂದು ಕೌನ್ಸಿಲ್. ಊರಿನ ಮೇಲ್ಗಡೆ ಬೇಸಿಗೆಯ ಹುಲ್ಲುಗಾವಲು. ಎಲ್ಲರ ಕುರಿಗಳೂ ಅಲ್ಲೇ ಮೇಯುತ್ತವೆ.

ಮುಖ್ಯಸ್ಥನ ಹೆಸರು ಶಾಯ್ಲೋಬೆಕ್. ಸೋವಿಯತ್ ಕಾಲದ ಒಂದು ಮತದಾನದ ದಿನ ಹುಟ್ಟಿದ್ದರಿಂದ ಹೆತ್ತವರು ಅವನಿಗೆ ‘ಚುನಾವಣೆ’ ಎಂದೇ ಹೆಸರಿಟ್ಟರು. ಅವತ್ತು ಕಣದಲ್ಲಿ ನಿಂತಿದ್ದವನು ಒಬ್ಬನೇ, ಗೆದ್ದವನೂ ಅವನೇ. (ಇದು ನನ್ನ ತಮಾಷೆಯಲ್ಲ, ನಮ್ಮಲ್ಲಿ ಈ ಹೆಸರಿನವರು ಇದ್ದಾರೆ. ನಾನು ಹೊಸದಾಗಿ ಕಟ್ಟಿದ್ದರೆ ಸಂಪಾದಕರು ಇದು ಅತಿಯಾಯಿತು ಅನ್ನುತ್ತಿದ್ದರು.)

ಅವನನ್ನು ದುಷ್ಟನನ್ನಾಗಿ ಮಾಡಲು ಬಹಳ ಒದ್ದಾಡಿದೆ, ಆಗಲಿಲ್ಲ. ಅವನು ಕುಡಿಯುವುದಿಲ್ಲ. ರಸ್ತೆಯ ಗುಂಡಿ ಮುಚ್ಚಿಸಿದ್ದಾನೆ, ಬೀದಿ ದೀಪ ಹಾಕಿಸಿದ್ದಾನೆ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕೋಟು ಬಿಚ್ಚಿಟ್ಟು ಸೌದೆ ಒಡೆಯುತ್ತಾನೆ. ಅವನ ಭಾವಮೈದ ಫೋನ್ ಹಿಡಿದು ಅದನ್ನು ವಿಡಿಯೋ ಮಾಡುತ್ತಾನೆ, ಅದು ನಿಜ. ಆದರೆ ಸೌದೆಯೂ ನಿಜವಾಗಿ ಒಡೆದಿರುತ್ತದೆ. ಹೋದಲ್ಲೆಲ್ಲ ಅವನು ಹೇಳುವ ಮಾತು ಒಂದೇ, ನನಗೂ ನಿಮಗೂ ನಡುವೆ ಯಾರೂ ಬೇಡ.

ನಡುವೆ ಇದ್ದದ್ದು ಕೌನ್ಸಿಲ್. ಹುಲ್ಲುಗಾವಲನ್ನು ಆ ಭಾವಮೈದನ ಕಂಪನಿಗೆ ನಲವತ್ತೊಂಬತ್ತು ವರ್ಷ ಬರೆದುಕೊಡೋಣ, ಪ್ರವಾಸಿಗರು ಬರುತ್ತಾರೆ, ಊರು ಉದ್ಧಾರವಾಗುತ್ತದೆ ಎಂದು ಶಾಯ್ಲೋಬೆಕ್ ಎರಡು ಸಲ ಕೇಳಿದ. ಕೌನ್ಸಿಲ್ ಎರಡು ಸಲವೂ ಆಗುವುದಿಲ್ಲ ಎಂದಿತು. ಆಗುವುದಿಲ್ಲ ಎಂದವರಲ್ಲಿ ದೊಡ್ಡ ಗಂಟಲು ಬುರುಲ್ಚಾ ಎಜೆಯದು. ಊರಿನಿಂದ ನಾರಿನ್‌ಗೆ ಹೋಗುವ ಮಿನಿಬಸ್ ಓಡಿಸುವವಳು ಅವಳೇ, ಐವತ್ತು ದಾಟಿದ ವಿಧವೆ. ಹಾಗಾಗಿ ನಮ್ಮೆಲ್ಲರಿಗೂ ಎಜೆ, ಅಕ್ಕ. ಅವಳ ಅಪ್ಪ ಸಾಗಿನಾಲಿ ಅತಾ, ಕುದುರೆ ಕಾಯುತ್ತಿದ್ದ ಮುದುಕ, ಊರಿಗೆಲ್ಲ ಹಿರಿಯ, ಅದಕ್ಕೇ ಎಲ್ಲರಿಗೂ ಅತಾ, ಅಪ್ಪ. ಊರಿನಲ್ಲಿ ಮದುವೆಯಾಗಲಿ, ಸಾವಾಗಲಿ, ಹೊಸ ಟ್ರ್ಯಾಕ್ಟರ್ ಬರಲಿ, ಬಾತಾ, ಅಂದರೆ ಹಿರಿಯರ ಆಶೀರ್ವಾದ, ಕೊಡುವವನು ಅವನೇ. ಅಪ್ಪ, ಮಗಳು, ಮುಖ್ಯಸ್ಥ, ಅವನ ಭಾವಮೈದ, ಇಷ್ಟೇ ಜನ. ಇನ್ನು ಯಾರನ್ನೂ ಸೇರಿಸುವುದಿಲ್ಲ, ನೀವು ನೆಮ್ಮದಿಯಾಗಿರಿ.

೩

ಅಷ್ಟರಲ್ಲಿ ನನಗೊಂದು ರೂಪಕ ಹೊಳೆಯಿತು. ರೂಪಕ ಹೊಳೆದ ಲೇಖಕನನ್ನು ಹಿಡಿದು ನಿಲ್ಲಿಸುವುದು ಕಷ್ಟ.

ನಮ್ಮ ಹಬ್ಬದೂಟದಲ್ಲಿ ಕುರಿಯ ಯಾವ ಮೂಳೆ ಯಾರಿಗೆ ಎಂಬುದು ಮೊದಲೇ ಗೊತ್ತು. ಇದು ಹಿರಿಯನಿಗೆ, ಇದು ಹಿರಿಯಳಿಗೆ, ಇದು ಅಳಿಯನಿಗೆ. ನಿಮ್ಮ ಪಾಲಿಗಾಗಿ ಯಾರ ಮುಖವನ್ನೂ ನೋಡಬೇಕಿಲ್ಲ. ನನ್ನ ಕರಡಿನಲ್ಲಿ ಶಾಯ್ಲೋಬೆಕ್ ಎದ್ದು ನಿಂತು, ಇದೆಲ್ಲ ದೊಡ್ಡವರು ಮಾಡಿಕೊಂಡ ಏರ್ಪಾಡು, ಇನ್ನು ನನ್ನ ಕೈಯಾರೆ ನಾನೇ ಬಡಿಸುತ್ತೇನೆ ಎಂದ. ಜನ ಕುಣಿದಾಡಿದರು. ಮುಂದಿನ ಹಬ್ಬದಲ್ಲಿ ಅವನಿಗೆ ಆಗದವರ ತಟ್ಟೆಗೆ ಬರೀ ಸಾರು ಬಿತ್ತು. ಮೂಳೆಯ ಕ್ರಮವೇ ಸಂವಿಧಾನ, ನೋಡಿದಿರಾ? ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಬುರುಲ್ಚಾ ಎಜೆ ಮಿನಿಬಸ್ಸನ್ನು ಪ್ಯಾರಾದ ಪಕ್ಕಕ್ಕೆ ಹಾಕಿ ಇಳಿದು ಬಂದಳು.

“ಆ ಕ್ರಮದಲ್ಲಿ ಹೊಸ ಸೊಸೆಗೆ ಯಾವ ಮೂಳೆ ಬರುತ್ತಪ್ಪ?” ಎಂದು ಕೇಳಿದಳು.

ಬಡಿಸುವ ಸೊಸೆಯನ್ನು ನಾನು ಎಣಿಸಿಯೇ ಇರಲಿಲ್ಲ.

“ಮದುವೆಯಾದ ವರ್ಷವೆಲ್ಲ ನಾನು ಒಲೆ ಮುಂದೆ ನಿಂತ್ಕೊಂಡು ತಿಂದಿದೀನಿ. ಅದನ್ನ ಸಂವಿಧಾನ ಅಂತ ಬರೆದ್ರೆ ನಿನ್ನನ್ನ ಅರ್ಧ ದಾರೀಲಿ ಇಳಿಸಿ ಹೋಗ್ತೀನಿ. ನಡೆದಿದ್ದನ್ನ ಬರಿ ಸಾಕು.”

ಎಲ್ಲವನ್ನೂ ನಾನೇ ಕಲ್ಪಿಸುತ್ತಿರುವಾಗ ನಡೆದದ್ದು ಎಂದರೇನು ಎಂದು ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಅವಳು ಆಗಲೇ ಗೇರ್ ಹಾಕಿದ್ದಳು.

೪

ನಡೆದದ್ದು ಇದು. ಶಾಯ್ಲೋಬೆಕ್ ಹೊಸ ಮನೆ ಕಟ್ಟಿಸಿ ಊರಿಗೆಲ್ಲ ಊಟ ಹಾಕಿದ. ಊಟ ಮುಗಿಯಿತು, ಕೈ ತೊಳೆಯುವ ನೀರು ಬಂತು. ಬಾತಾ ಆಗದೆ ಯಾರೂ ಏಳುವಂತಿಲ್ಲ. ಹಿರಿಯ ಅಂಗೈ ತೆರೆದು ಹರಸುತ್ತಾನೆ, ಕೂತವರೆಲ್ಲ ಅಂಗೈ ಎತ್ತಿ ಹಿಡಿದಿರುತ್ತಾರೆ, ಅವನು ಓಮಿನ್, ಹಾಗೇ ಆಗಲಿ, ಎಂದಾಗ ಎಲ್ಲರೂ ಓಮಿನ್ ಎಂದು ಮುಖ ಸವರಿಕೊಳ್ಳುತ್ತಾರೆ. ಅವನು ಮುಗಿಸುವ ತನಕ ಕೈ ಇಳಿಸುವಂತಿಲ್ಲ. ಎತ್ತದೆ ಇರುವುದಂತೂ ಇಲ್ಲವೇ ಇಲ್ಲ. ಕುಡಿದು ತೂಕಡಿಸುತ್ತಿರುವವನ ಕೈಯನ್ನೂ ಹೆಂಡತಿ ಎತ್ತಿ ಹಿಡಿದಿರುತ್ತಾಳೆ.

ನೀರಿನ ಪಾತ್ರೆ ಕೈಯಿಂದ ಕೈಗೆ ಹೋಗುತ್ತಿದ್ದಾಗ, ತಟ್ಟೆಗಳ ಸದ್ದಿನ ನಡುವೆ ಶಾಯ್ಲೋಬೆಕ್ ಎದ್ದು ನಿಂತು ನಾಲ್ಕು ಮಾತಾಡಿದ. ಊರು ದೊಡ್ಡ ಕುಟುಂಬ, ಕುಟುಂಬಕ್ಕೆ ಕೌನ್ಸಿಲ್ ಯಾಕೆ, ಇನ್ನು ಎಲ್ಲವನ್ನೂ ಹೀಗೇ ಒಟ್ಟಿಗೆ ಕೂತು ತೀರ್ಮಾನ ಮಾಡೋಣ, ಅತಾ, ಇದಕ್ಕೊಂದು ಬಾತಾ ಕೊಡಿ. ಅತಾನಿಗೆ ಕಿವಿ ಮಂದ. ಕೇಳಿಸಿದ್ದು ಬಾತಾ ಎಂಬುದೊಂದೇ. ಜೀವಮಾನವೆಲ್ಲ ಹೇಳಿದ್ದನ್ನೇ ಅವತ್ತೂ ಹೇಳಿದ. ಈ ಮನೆಯ ಒಲೆ ಆರದಿರಲಿ, ಕುರಿ ಮಂದೆ ಹೆಚ್ಚಲಿ, ಊರು ಒಗ್ಗಟ್ಟಾಗಿರಲಿ, ಒಬ್ಬ ಹಿರಿಯನ ಮಾತಿನಲ್ಲಿ ನಡೆಯಲಿ, ಓಮಿನ್.

ಮರುದಿನ ಎಲ್ಲರ ಫೋನಿಗೂ ವಿಡಿಯೋ ಬಂತು. ಕೆಳಗೆ ಬರೆದಿತ್ತು: ‘ಕೋಕ್-ಬೆಲೆಸ್‌ನ ಜನ ಒಮ್ಮತದಿಂದ, ಎರಡೂ ಕೈ ಎತ್ತಿ, ಕೌನ್ಸಿಲ್ ಬೇಡವೆಂದರು.’ ಭಾವಮೈದ ಅಂಗೈಗಳನ್ನು ಎಣಿಸಿ ಎರಡರಿಂದ ಭಾಗಿಸಿದ್ದ. ಮೂರನೇ ಸಾಲಿನಲ್ಲಿ ಬುರುಲ್ಚಾ ಎಜೆಯ ಅಂಗೈಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಸ್ಟೀರಿಂಗ್ ಹಿಡಿದು ದಡ್ಡುಗಟ್ಟಿದ ಅಂಗೈಗಳು, ಗುರುತು ಸಿಗದೆ ಇರುತ್ತದೆಯೇ. (ಪ್ರಿಯ ಓದುಗರೇ, ನೀವಾಗಿದ್ದರೆ ಎತ್ತುತ್ತಿರಲಿಲ್ಲ ಎಂದು ನನಗೆ ಗೊತ್ತು. ಊಟ ಚೆನ್ನಾಗಿತ್ತು ಎಂಬುದು ನಿಮಗೆ ಗೊತ್ತಿಲ್ಲ.)

೫

ಸೆಮಿನಾರಿನಲ್ಲಿ ಸಿಕ್ಕ ವಕೀಲರೊಬ್ಬರನ್ನು ಕೇಳಿದೆ. ಕಾನೂನಿನ ಪ್ರಕಾರ ಅದು ಪೂರ್ತಿ ಅಮಾನ್ಯ ಎಂದರು. ಊರಿಗೆ ಬಂದು ಒಂದು ಮಾತು ಹೇಳುತ್ತೀರಾ ಎಂದೆ. ಅಷ್ಟರಲ್ಲಿ ಎರಡನೇ ಕಾಫಿಗೆ ಕರೆದರು.

ಊರಿನಲ್ಲಿ ಕೌನ್ಸಿಲಿನವರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಯಾರೂ ಹೆದರಿಸಲಿಲ್ಲ, ಯಾರೂ ಆಮಿಷ ಒಡ್ಡಲಿಲ್ಲ. ಓಮಿನ್ ಅಂದಾಗಿದೆ, ಅಂದ ಮೇಲೆ ಅದರ ವಿರುದ್ಧ ಕುರ್ಚಿಯಲ್ಲಿ ಕೂತರೆ ಮಕ್ಕಳು ಮರಿಗೆ ಒಳ್ಳೆಯದಾಗುವುದಿಲ್ಲ ಎನ್ನುವುದು ಅವರ ಭಯ. ಸರ್ವಾಧಿಕಾರದ ಬಗ್ಗೆ ಇರುವ ದಪ್ಪ ದಪ್ಪ ಪುಸ್ತಕಗಳಲ್ಲಿ ಇದಕ್ಕೆ ಒಂದು ಅಧ್ಯಾಯವಿಲ್ಲ. ಕೊನೆಗೆ ಉಳಿದವಳು ಬುರುಲ್ಚಾ ಎಜೆ ಒಬ್ಬಳೇ. ಅವಳು ಉಳಿದಿರುವಷ್ಟು ದಿನ ಕೌನ್ಸಿಲ್ ಉಸಿರಾಡುತ್ತಿತ್ತು, ಹುಲ್ಲುಗಾವಲೂ ಊರಿನದೇ ಆಗಿತ್ತು.

ಶಾಯ್ಲೋಬೆಕ್‌ಗೆ ಅದು ಗೊತ್ತಿತ್ತು. ಜಿಲ್ಲೆಯ ಅಧಿಕಾರಿಗಳನ್ನು ಕರೆಸಿ ಹುಲ್ಲುಗಾವಲಿನಲ್ಲೇ ದೊಡ್ಡ ಕೂಟ ಮಾಡುವುದು, ಅಲ್ಲಿ ಇನ್ನೊಂದು ಬಾತಾ, ಅದರೊಂದಿಗೆ ಎಲ್ಲ ಮುಗಿಯಿತು, ಇದು ಅವನ ಯೋಜನೆ. ಆದರೆ ಒಬ್ಬರೂ ತಪ್ಪಬಾರದು. ನಾನು ಅವನನ್ನು ಕೇಳಿದೆ, ನಿನಗೆ ಇಷ್ಟೊಂದು ಜನರಿದ್ದಾರೆ, ಒಬ್ಬಳು ಹೋದರೆ ಏನು. ಅವನು ನನ್ನನ್ನು ಕನಿಕರದಿಂದ ನೋಡಿ, ಅಣ್ಣ ಎನ್ನುವ ಹಾಗೆ ಬಾಯ್ಕೆ ಎಂದ.

“ಬಾಯ್ಕೆ, ಒಬ್ರು ತಪ್ಪಿದ್ರೂ ಅದು ಜನ ಅಲ್ಲ, ಬಹುಮತ. ಬಹುಮತ ಅಂದ ತಕ್ಷಣ ಎಣಿಕೆ, ತಕರಾರು, ಕೋರ್ಟು ಎಲ್ಲ ಶುರುವಾಗುತ್ತೆ. ಜನ ಅಂದ್ರೆ ಯಾರೂ ಕೇಳಲ್ಲ.”

(ನಮ್ಮ ಸೆಮಿನಾರಿನಲ್ಲಿ ಮೂರು ದಿನ ಸ್ಲೈಡ್ ತೋರಿಸಿದರೂ ಯಾರೂ ಇಷ್ಟು ಚೆನ್ನಾಗಿ ಹೇಳಲಿಲ್ಲ. ನನ್ನ ಕಥೆಯಲ್ಲಿ ಬುದ್ಧಿವಂತಿಕೆಯ ಮಾತೆಲ್ಲ ಇವನ ಪಾಲಿಗೆ ಹೋಗುತ್ತಿರುವುದು ನನಗೆ ಹಿಡಿಸುತ್ತಿಲ್ಲ.)

ಬುರುಲ್ಚಾ ಎಜೆ ಅಪ್ಪನ ಬಳಿಗೆ ಹೋದಳು. ಅತಾ ಚಹಾಕ್ಕೆ ಬೆಣ್ಣೆ ಹಾಕಿಕೊಂಡು ಕುಡಿಯುತ್ತಿದ್ದ. ಕೂಟದ ಬಾತಾಕ್ಕೆ ಅವನನ್ನು ಆಗಲೇ ಕೇಳಿಯಾಗಿತ್ತು. ಅವಳು ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದಳು.

“ಬಾತಾ ಓಟಲ್ಲ ಮಗಳೇ,” ಎಂದ ಅತಾ. “ಕುದುರೆ ಕದ್ದೋನು ಬಂದು ಕೇಳಿದ್ರೂ ಕೊಟ್ಟಿದೀನಿ. ಅದು ದೇವರಿಗೆ ಹೇಳೋ ಮಾತು.”

“ದೇವರು ಎಣಿಸಲ್ಲ ಅತಾ. ಇವನು ಎಣಿಸ್ತಾನೆ.”

“ಹಾಗಂತ ಕೇಳಿದೋರಿಗೆ ಇಲ್ಲ ಅನ್ನಲಾ? ಈ ವಯಸ್ಸಲ್ಲಿ ಕೊಡೋಕೆ ನನ್ನ ಹತ್ರ ಇರೋದು ಅದೊಂದೇ.”

“ನೀವು ಕೊಡಿ. ನಾನು ಕೈ ಎತ್ತಲ್ಲ.”

ಅತಾ ಮೊದಲು ನಕ್ಕ. ಮಗಳು ನಗದೆ ಇದ್ದದ್ದನ್ನು ನೋಡಿ ಬಟ್ಟಲು ಕೆಳಗಿಟ್ಟ. ನಮ್ಮಲ್ಲಿ ಹಿರಿಯರು ಬಾತಾ ಕೊಡುವ ಅದೇ ಅಂಗೈಗಳನ್ನು ಮಗುಚಿ ಹಿಡಿದರೆ ಅದು ಶಾಪ. ಹೆತ್ತವರು ಕೈ ಮಗುಚಿದ ಮಕ್ಕಳ ಮನೆಯಲ್ಲಿ ಜನ ನೀರು ಕೂಡ ಕುಡಿಯುವುದಿಲ್ಲ. ಅವಳ ಬಸ್ಸಿಗೆ ಆಮೇಲೆ ಯಾರು ಹತ್ತುತ್ತಾರೆ? ಆದರೆ ಅವಳನ್ನು ಕಾಡಿದ್ದು ಬಸ್ಸಿನ ಚಿಂತೆಯಲ್ಲ. ತಾಯಿ ಇಲ್ಲದ ಮಗಳನ್ನು ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಬೆಳೆಸಿದ ಅಪ್ಪ ಅವನು. ಊರೆಲ್ಲ ನೋಡುವಾಗ ಅವನ ಹರಕೆ ನನಗೆ ಬೇಡ ಎನ್ನುವ ಹಾಗೆ ಅವಳು ಕೂರಬೇಕಿತ್ತು.

೬

ಇಲ್ಲಿ ಕಥೆ ಸ್ವಲ್ಪ ಹೊತ್ತು ನಿಂತಿತು. ನಾನು ಅಪ್ಪ ಮಗಳನ್ನು ಹೇಗೆ ಬಿಡಿಸಿಕೊಂಡು ಬರಲಿ ಎಂದು ಯೋಚಿಸುತ್ತಾ ಎದ್ದು ಚಹಾ ಮಾಡಲು ಹೋದೆ. ತಿರುಗಿ ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಶಾಯ್ಲೋಬೆಕ್ ಕೂತಿದ್ದ. ಕೋಟು ಬಿಚ್ಚಿಟ್ಟಿದ್ದ.

“ನೀವು ಒಳ್ಳೆಯವ್ರು ಬಾಯ್ಕೆ, ಆದ್ರೆ ನಿಮ್ಮ ಕಥೆ ಮುಂದಕ್ಕೇ ಹೋಗ್ತಿಲ್ಲ. ಓದೋರಿಗೂ ನನಗೂ ನಡುವೆ ನೀವ್ಯಾಕೆ?” ಎಂದ.

೧

ನಮಸ್ಕಾರ. ಇನ್ನು ನಾನೇ ನೇರವಾಗಿ ಹೇಳುತ್ತೇನೆ. ಪ್ಯಾರಾಗಳಿಗೆ ಒಂದು, ಎರಡು, ಮೂರು ಎಂದು ಮೇಲು ಕೀಳು ಮಾಡಿದ್ದರು, ಅದನ್ನು ತೆಗೆದಿದ್ದೇನೆ. ಇನ್ನು ಎಲ್ಲವೂ ಒಂದೇ. ಕಂಸಗಳನ್ನೂ ತೆಗೆಸಿದ್ದೇನೆ. ಅವುಗಳ ಒಳಗೆ ಬರೀ ಗೊಣಗಾಟ ಇತ್ತು. ಒಳ್ಳೆಯ ಮಾತಾಗಿದ್ದರೆ ಹೊರಗೆ ನಿಂತು ಹೇಳಲಿ.

೧

ನಮ್ಮ ಊರು ಚೆನ್ನಾಗಿದೆ. ರಸ್ತೆ ಚೆನ್ನಾಗಿದೆ. ಎಲ್ಲರೂ ಸುಖವಾಗಿದ್ದಾರೆ. ಬಿಶ್ಕೆಕ್‌ನ ಹೋಟೆಲಿನಲ್ಲಿ ಬಿಸ್ಕತ್ತು ತಿನ್ನುವವರಿಗೆ ಮಾತ್ರ ದುಃಖ. ಅವರು ನಿಮ್ಮನ್ನು ಪ್ರಿಯ ಓದುಗರೇ ಎಂದು ಕರೆದು, ನಿಮಗೆ ಅರ್ಥವಾಗದ ಹಾಗೆ ಬರೆಯುತ್ತಾರೆ. ನಾನು ನಿಮ್ಮನ್ನು ಅಣ್ಣ, ಅಕ್ಕ ಎನ್ನುತ್ತೇನೆ. ಹೇಳಿ, ನಿಮ್ಮ ಮನೆಯಲ್ಲಿ ಸಾವಾದಾಗ ಲೇಖಕರು ಯಾರಾದರೂ ಬಂದು ಸೌದೆ ಒಡೆದಿದ್ದಾರೆಯೇ?

೧

ಹುಲ್ಲುಗಾವಲಿನ ಕೂಟ ಅದ್ಧೂರಿಯಾಗಿ ನಡೆಯಿತು. ಬುರುಲ್ಚಾ ಎಜೆ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಕಥೆ ಮುಗಿಯಿತು.

(ಇಲ್ಲ.)

ಯಾರದು?

(ನಾನು, ಬುರುಲ್ಚಾ. ನೀನು ಒಂದು ಜೊತೆ ಕಂಸ ತೆಗೆಯೋದು ಮರ್ತಿದ್ದೆ. ಒಳಗೆ ಜಾಗ ಇತ್ತು, ಬಂದು ಕೂತಿದೀನಿ. ಏಳು ಆ ಕುರ್ಚಿಯಿಂದ, ಅವ್ನ ಚಹಾ ಆರ್ತಾ ಇದೆ.)

೭

ನಿಜ ಹೇಳಬೇಕೆಂದರೆ ನನಗೆ ಅವನ ಆವೃತ್ತಿ ಓದಿ ಹೊಟ್ಟೆಕಿಚ್ಚಾಯಿತು. ಎಷ್ಟು ಸರಾಗವಾಗಿದೆ. ಸಂಸ್ಥೆಯವರು ಕೇಳಿದ ಆಶಾವಾದವೂ ಅದರಲ್ಲಿ ಧಾರಾಳವಾಗಿದೆ. ಸೌದೆಯ ಮಟ್ಟಿಗೂ ಅವನೇ ಸರಿ, ನಾನು ಯಾರ ಮನೆಯಲ್ಲೂ ಒಡೆದಿಲ್ಲ. ಆದರೂ ಎಣಿಕೆಯನ್ನು ಏಳಕ್ಕೆ ತಂದಿದ್ದೇನೆ, ಗಮನಿಸಿ. ಸದ್ಯಕ್ಕೆ ನನ್ನ ಕೈಲಾದ ಪ್ರತಿರೋಧ ಇಷ್ಟು.

ಬುರುಲ್ಚಾ ಎಜೆಯ ಮುಂದೆ ಮೂರು ಮುಕ್ತಾಯಗಳನ್ನು ಇಟ್ಟೆ.

ಅ) ಅವಳು ಕೈ ಎತ್ತುವುದಿಲ್ಲ. ಅದನ್ನು ನೋಡಿ ಪಕ್ಕದವಳು ಇಳಿಸುತ್ತಾಳೆ, ಆಮೇಲೆ ಅದರ ಪಕ್ಕದವನು, ಆಮೇಲೆ ಇಡೀ ಹುಲ್ಲುಗಾವಲು. ಗಾಳಿ ಬೀಸುತ್ತದೆ. ಕುದುರೆಯೊಂದು ಕೆನೆಯುತ್ತದೆ. “ಆ ಕುದುರೆಗೆ ಎಷ್ಟು ಕೊಟ್ಟರು ಸಂಸ್ಥೆಯವರು?” ಎಂದಳು.

ಆ) ಅವಳು ಎತ್ತುತ್ತಾಳೆ. ಮನೆಗೆ ಬಂದು ಬಸ್ಸು ತೊಳೆಯುತ್ತಾಳೆ. ಸೂಕ್ಷ್ಮವಾದ ಮುಕ್ತಾಯ, ಬಹುಮಾನ ಬರುವಂಥದ್ದು. ಬಸ್ಸಿನ ಗಾಜಿನಲ್ಲಿ ಅವಳ ಮುಖ ಕಾಣಬೇಕು ಎಂದು ಬೇರೆ ಯೋಚಿಸಿದ್ದೆ. ಆ ಬಹುಮಾನ ನೀನೇ ಇಟ್ಟುಕೋ, ನನ್ನ ಕುರಿಗಳು ಎಲ್ಲಿ ಮೇಯಬೇಕು ಎಂದು ಕೇಳಿದಳು.

ಇ) ಅತಾ ಬಾತಾವನ್ನು ಅರ್ಧಕ್ಕೆ ನಿಲ್ಲಿಸಿ, ಮಗಳ ಕಡೆ ತಿರುಗಿ, ನೀನೇ ಸರಿ ಎನ್ನುತ್ತಾನೆ. ಇದನ್ನು ಓದಿ ಅವಳು ಹಾಳೆಯನ್ನು ನನ್ನ ಕಡೆಗೆ ತಳ್ಳಿದಳು.

“ಇದು ಬೇಡ,” ಎಂದಳು. “ಅವರ ಬಾಯಲ್ಲಿ ನಿನ್ನ ಮಾತು ತುರುಕಬೇಡ. ಶಾಯ್ಲೋಬೆಕ್ ಮಾಡಿದ್ದೂ ಅದನ್ನೇ ಅಲ್ವಾ?”

ಹಾಗಾಗಿ ನಾನು ಅತಾನನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನನ್ನ ಕೈಯಲ್ಲಿ ಯಾವ ಮುಕ್ತಾಯವೂ ಉಳಿಯಲಿಲ್ಲ.

೮

ಕೂಟದ ದಿನ ಬಿಸಿಲಿತ್ತು. (ಹಿಮ ಇಲ್ಲ. ಬೇಸಿಗೆ.) ಡೇರೆಗಳ ಮುಂದೆ ಕಂಬಳಿ ಹಾಸಿದ್ದರು, ಹುಳಿಬರಿಸಿದ ಕುದುರೆ ಹಾಲಿನ ಬಟ್ಟಲುಗಳು ಓಡಾಡುತ್ತಿದ್ದವು, ಜಿಲ್ಲೆಯ ಅಧಿಕಾರಿಗಳು ಉಡುಗೊರೆಯಾಗಿ ಬಂದ ಬಿಳಿ ಟೋಪಿಗಳನ್ನು ಅಳತೆ ಸರಿಹೊಂದದೆ ಹಿಂದಕ್ಕೆ ತಳ್ಳಿಕೊಂಡು ಕೂತಿದ್ದರು. ಬುರುಲ್ಚಾ ಎಜೆಯ ಜಾಗ ಹೆಂಗಸರ ಕಡೆಯ ಕೊನೆಯ ಸಾಲಿನಲ್ಲಿತ್ತು. ಅಲ್ಲಿ ಕೂತರೆ ವಿಡಿಯೋದ ಅಂಚು ಕತ್ತರಿಸಿ ಅವಳನ್ನು ಇಲ್ಲವಾಗಿಸುವುದು ಸುಲಭ. ಅದಕ್ಕೇ ಅವಳು ಎದ್ದು ಬಂದು, ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ, ಪಕ್ಕದಲ್ಲಿ ಯಾರಾದರೂ ಇರಬೇಕು ಎಂದು ಹೇಳಿ, ನಟ್ಟನಡುವೆ, ಅತಾನಿಗೂ ಶಾಯ್ಲೋಬೆಕ್‌ಗೂ ಮಧ್ಯೆ ಕೂತುಬಿಟ್ಟಳು. ಮುದುಕನ ಮಗಳನ್ನು ಎಬ್ಬಿಸುವುದು ಚೆನ್ನಾಗಿರುವುದಿಲ್ಲ. ಶಾಯ್ಲೋಬೆಕ್ ನಕ್ಕು ಸ್ವಲ್ಪ ಸರಿದು ಕೂತ.

ಅವನು ಮಾತಾಡಿದ. ಈ ಸಲ ತಟ್ಟೆಗಳ ಸದ್ದಿರಲಿಲ್ಲ, ಎಲ್ಲರಿಗೂ ಎಲ್ಲವೂ ಕೇಳಿಸಿತು. ಕೌನ್ಸಿಲ್ ಬೇಡ, ಹುಲ್ಲುಗಾವಲಿನ ಹೊಣೆ ನನಗಿರಲಿ, ಅತಾ, ಬಾತಾ ಕೊಡಿ.

ಅತಾ ಅಂಗೈ ತೆರೆದ. ಹುಲ್ಲುಗಾವಲಿನ ತುಂಬ ಅಂಗೈಗಳು ಎದ್ದವು. ಆ ಹುಲ್ಲನ್ನೇ ನಂಬಿದ ಕುರಿಗಳ ಒಡೆಯರೆಲ್ಲರ ಅಂಗೈಗಳು. ಭಾವಮೈದ ಫೋನ್ ಎತ್ತಿ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿದ. ನಟ್ಟನಡುವೆ ಬಂದಾಗ ಅವನ ಕೈ ನಿಂತಿತು.

ಬುರುಲ್ಚಾ ಎಜೆಯ ಕೈಗಳು ಮಂಡಿಯ ಮೇಲಿದ್ದವು. ಧೈರ್ಯವಾಗಿ ಇದ್ದವು ಎಂದು ಬರೆಯಲು ಹೊರಟಿದ್ದೆ. ಇಲ್ಲ. ಅಭ್ಯಾಸದಿಂದ ತಾವಾಗಿ ಮೇಲೇಳದಿರಲಿ ಎಂದು ಅವಳು ಲಂಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಒಲೆ ಆರದಿರಲಿ ಎಂಬಲ್ಲಿಯ ತನಕ ಅತಾ ಸರಾಗವಾಗಿ ಹೋದ. ಮಂದೆ ಹೆಚ್ಚಲಿ ಎನ್ನುವಾಗ ಪಕ್ಕಕ್ಕೆ ನೋಡಿದ. ಮುದುಕನ ಕಿವಿ ಮಂದ, ಕಣ್ಣಲ್ಲ.

“ಕೈ ಎಲ್ಲಮ್ಮ?” ಎಂದ. ಕಿವುಡರ ಗುಟ್ಟು ಊರಿಗೆಲ್ಲ ಕೇಳಿಸುತ್ತದೆ.

“ಇಲ್ಲೇ ಇದೆ ಅತಾ. ಮಂಡಿ ಮೇಲೆ.”

ಕೋಪ ಬಂದಿದ್ದರೆ ಅವಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅವನಿಗೆ ಬಂದದ್ದು ಕೋಪವಲ್ಲ.

“ನನ್ನ ಹೆಣದ ಮುಂದೆ ಬಾತಾ ಕೊಡೋವಾಗಾದ್ರೂ ಎತ್ತುತೀಯಾ?”

ಬುರುಲ್ಚಾ ಎಜೆ ಅಪ್ಪನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ದನಿಯಲ್ಲಿ ಇರಲಿಲ್ಲ.

“ಅವತ್ತು ಇವನು ಎಣಿಸ್ದೇ ಇದ್ರೆ ಎತ್ತುತೀನಿ.”

೯

ಅತಾ ಮಾತು ನಿಲ್ಲಿಸಿದ. ನಾನು ನಿಲ್ಲಿಸಿದ್ದಲ್ಲ, ಆಣೆ. ನಾನು ಅವನ ಬಾಯಿಗೆ ‘ಓಮಿನ್’ ಎಂದು ಬರೆದು ನೋಡಿದೆ, ಅವನು ಅನ್ನಲಿಲ್ಲ. ಶಪಿಸುತ್ತಾನೇನೋ ಎಂದು ‘ಅಂಗೈ ಮಗುಚಿದ’ ಎಂದು ಬರೆದು ನೋಡಿದೆ, ಮಗುಚಲಿಲ್ಲ. ಎರಡು ಕೈಗಳನ್ನೂ ಹಾಗೇ ಗಾಳಿಯಲ್ಲಿ ಹಿಡಿದುಕೊಂಡು, ತನ್ನ ಅಂಗೈಗಳನ್ನೇ ನೋಡುತ್ತಾ ಕೂತಿದ್ದಾನೆ. ಏನು ಯೋಚಿಸುತ್ತಿದ್ದಾನೆ ಎಂದು ನನಗೆ ಗೊತ್ತಿಲ್ಲ. ಅವನ ತಲೆಯೊಳಗೆ ಹೋಗುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಹಿರಿಯ ಮುಗಿಸದೆ ಯಾರೂ ಕೈ ಇಳಿಸುವಂತಿಲ್ಲ. ಊರೆಲ್ಲ ಕೈ ಎತ್ತಿಕೊಂಡೇ ಕೂತಿದೆ. ತೋಳು ನೋಯತೊಡಗಿವೆ. ಜಿಲ್ಲೆಯ ಅಧಿಕಾರಿಯ ಟೋಪಿ ಕಣ್ಣಿನ ಮೇಲೆ ಜಾರಿದೆ, ಸರಿಮಾಡಿಕೊಳ್ಳಲು ಕೈಯಿಲ್ಲ. ಶಾಯ್ಲೋಬೆಕ್ ಎರಡು ಸಲ ಕೆಮ್ಮಿದ, ಅತಾ ಎಂದು ಮೆಲ್ಲಗೆ ಕರೆದ. ಅವನೂ ಇಳಿಸುವಂತಿಲ್ಲ. ಅವನ ಕೈಗಳಿಗೆ ಮಾತ್ರ ನೋವಿಲ್ಲದಂತೆ ಬರೆಯಲು ನನಗೆ ಮನಸ್ಸಾಗಲಿಲ್ಲ.

ಬಿಶ್ಕೆಕ್‌ನಿಂದ ಫೋನ್ ಬಂತು. ಕಥೆ ಮುಗಿಯಿತೇ ಎಂದು ಕೇಳಿದರು. ಎಲ್ಲರ ಕೈಗಳೂ ಮೇಲಿವೆ ಎಂದೆ. ಒಳ್ಳೆಯದು, ಸಂಭ್ರಮದ ಮುಕ್ತಾಯ ಎಂದು ಫೋನ್ ಇಟ್ಟುಬಿಟ್ಟರು.

ಆದರೆ ಶಾಯ್ಲೋಬೆಕ್ ಸುಮ್ಮನೆ ಕೂರುವವನಲ್ಲ. ಒಬ್ಬಳು ಕಡಿಮೆ ಬಿದ್ದಿದ್ದಾಳೆ, ಆ ಜಾಗ ತುಂಬಲು ಅವನಿಗೆ ಇನ್ನಷ್ಟು ಜನ ಬೇಕು. ಊರು ಮುಗಿದ ಮೇಲೆ ಅವನ ಕಣ್ಣು ನನ್ನ ಕಡೆ ಬಂತು. ನಾನು ಟೈಪ್ ಮಾಡುತ್ತಿದ್ದೇನೆ, ಅಂಗೈ ಕೆಳಮುಖವಾಗಿದೆ, ಎಣಿಕೆಗೆ ಬರುವುದಿಲ್ಲ. (ಬಚಾವಾದೆ. ಲೇಖಕರು ಸಾಮಾನ್ಯವಾಗಿ ಹೀಗೇ ಬಚಾವಾಗುವುದು.) ಆಮೇಲೆ ಅವನು ನನ್ನ ಹೆಗಲಾಚೆ ನೋಡಿದ.

ಅವನು ನೋಡುತ್ತಿರುವುದು ನಿಮ್ಮನ್ನು. ಈ ಪುಸ್ತಕವನ್ನು ಹೇಗೆ ಹಿಡಿದುಕೊಂಡಿದ್ದೀರಿ, ಒಂದು ಸಲ ನೋಡಿಕೊಳ್ಳಿ. ಎರಡು ಕೈ, ಅಂಗೈಗಳು ತೆರೆದು ಮುಖದ ಕಡೆಗೆ. ಭಾವಮೈದ ಫೋನನ್ನು ಇತ್ತ ತಿರುಗಿಸಿದ್ದಾನೆ. ದೂರದ ಕನ್ನಡ ನಾಡಿನ ಜನರೂ ಒಮ್ಮತದಿಂದ ಎಂದು ಶಾಯ್ಲೋಬೆಕ್ ಆಗಲೇ ಬರೆಸುತ್ತಿದ್ದಾನೆ.

ಪುಸ್ತಕ ಕೆಳಗಿಡಿ ಎನ್ನೋಣವೆಂದರೆ, ನೀವು ಕೆಳಗಿಟ್ಟ ಕ್ಷಣ ಆ ಹುಲ್ಲುಗಾವಲಿನಲ್ಲಿ ಅವಳನ್ನು ನೋಡುತ್ತಿರುವವರು ಯಾರೂ ಇರುವುದಿಲ್ಲ. ಹಿಡಿದುಕೊಂಡೇ ಇರಿ ಎನ್ನೋಣವೆಂದರೆ ಅವನು ಎರಡೂ ಅಂಗೈ ಎಣಿಸಿಬಿಡುತ್ತಾನೆ. ನಾನು ಏನೂ ತೋಚದೆ ಬುರುಲ್ಚಾ ಎಜೆಯನ್ನೇ ಕೇಳಿದೆ. ಅವಳು ಅಪ್ಪನ ಅಂಗೈಗಳಿಂದ ಕಣ್ಣು ತೆಗೆಯಲಿಲ್ಲ.

“ಒಂದು ಕೈಲಿ ಹಿಡ್ಕೊಂಡು ಓದೋಕೆ ಬರಲ್ವಾ ಅವ್ರಿಗೆ?” ಎಂದಳು.